ವಾಕ್ಯ ಸೊರಗಿದರೆ ಶಂಕರಪುರದ ಬಸ್ ಹತ್ತಿ

"ಲೇಖನ ಬರೆಯುವ ಆಸೆ ಉಂಟು, ಆದರೆ ಭಾಷೆ ಸಾಲದು. ಯಾವ ಪುಸ್ತಕ ಓದಲಿ?" ಕೆಲವು ವರ್ಷ ಪತ್ರಿಕೆಯೊಂದರ ಪುರವಣಿ ವಿಭಾಗದಲ್ಲಿ ಕೂತು ಬೇರೆಯವರ ಲೇಖನ ತಿದ್ದಿದ್ದೇನೆ ಎಂಬ ಕಾರಣಕ್ಕೆ ನನ್ನನ್ನು ಹೀಗೆ ಕೇಳುವವರು ಉಡುಪಿಯಲ್ಲಿ ಈಗಲೂ ಸಿಗುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ, ಸಾರು ಬಡಿಸುವ ಮೊದಲೇ ಕೇಳಿದವರಿದ್ದಾರೆ. ಕೆಲವರು ಅಲ್ಲೇ ಫೋನ್ ತೆಗೆದು ಲೇಖನ ತೋರಿಸುತ್ತಾರೆ.

ಪುಸ್ತಕ ಓದಿ, ಬೇಡ ಅನ್ನುವುದಿಲ್ಲ. ಆದರೆ ನನ್ನ ಕೈಗೆ ಬರುವ ಲೇಖನಗಳಲ್ಲಿ ಭಾಷೆ ಸಾಲದೆ ಕೆಟ್ಟದ್ದು ಕಡಿಮೆ. ಭಾಷೆ ಬೇಕಾದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಸಾಲದೆ ಹೋಗುವುದು ವಿಷಯ. ಬರೆಯುವವರಿಗೆ ಗೊತ್ತಿಲ್ಲದ ಜಾಗ ಬಂದ ಕೂಡಲೇ ವಾಕ್ಯ ಉಬ್ಬುತ್ತದೆ, ವಿಶೇಷಣಗಳು ಓಡಿ ಬರುತ್ತವೆ. ಗೊತ್ತಿರುವ ಜಾಗದಲ್ಲಿ ಅದೇ ವ್ಯಕ್ತಿ ಸಲೀಸಾಗಿ ಬರೆದಿರುತ್ತಾರೆ. ಹಾಗಾಗಿ ನಾನು ಪೆನ್ಸಿಲ್ ಹಿಡಿದು ಓದುವಾಗ ಕಾಗುಣಿತದ ತಪ್ಪಿಗೆ ಆಮೇಲೆ ಬರುತ್ತೇನೆ. ಮೊದಲು ಗುರುತು ಹಾಕುವುದು ಉಬ್ಬಿದ ವಾಕ್ಯಗಳಿಗೆ. ಅಲ್ಲೆಲ್ಲ ಒಂದೊಂದು ಪ್ರಶ್ನೆ ಕೇಳದೆ ಉಳಿದುಹೋಗಿರುತ್ತದೆ.

ಪರಿಚಯದವರ ಮಗಳೊಬ್ಬಳು ಪತ್ರಿಕೋದ್ಯಮ ಓದುತ್ತಿದ್ದಾಳೆ. ಉಡುಪಿ ಹತ್ತಿರದ ಶಂಕರಪುರದಲ್ಲಿ ಬೆಳೆಯುವ ಮಲ್ಲಿಗೆಯ ಬಗ್ಗೆ ಬರೆದುಕೊಂಡು ಬಂದಿದ್ದಳು. ಮೊದಲ ವಾಕ್ಯ ಹೀಗಿತ್ತು: "ತನ್ನ ಸುಮಧುರ ಕಂಪಿನಿಂದ ಜಗದ್ವಿಖ್ಯಾತಿ ಪಡೆದಿರುವ ಶಂಕರಪುರ ಮಲ್ಲಿಗೆಯು ಇಲ್ಲಿನ ಅದೆಷ್ಟೋ ಕುಟುಂಬಗಳ ಬಾಳಿಗೆ ಬೆಳಕಾಗಿದೆ ಎಂದರೆ ಅತಿಶಯೋಕ್ತಿಯಾಗಲಾರದು."

ವ್ಯಾಕರಣ ಸರಿ ಇದೆ. ಕಾಗುಣಿತ ಸರಿ ಇದೆ. ಪರೀಕ್ಷೆಯಲ್ಲಾದರೆ ಒಳ್ಳೆಯ ಮಾರ್ಕೇ ಬರುತ್ತಿತ್ತು. ಆದರೆ ಇದೇ ವಾಕ್ಯದಿಂದ ಮಲ್ಲಿಗೆಯನ್ನು ತೆಗೆದು ಮಟ್ಟುಗುಳ್ಳ ಬದನೆ ಹಾಕಿ, ಕಂಪು ಇದ್ದಲ್ಲಿ ರುಚಿ ಅಂತ ಮಾಡಿ. ಸರಿಯಾಗಿ ಕೂರುತ್ತದೆ. ಗೇರುಬೀಜವೂ ಕೂರುತ್ತದೆ. ಮಲ್ಪೆಯ ಒಣಮೀನನ್ನು ಹಾಕಿದರೆ ಕಂಪನ್ನೂ ಬದಲಾಯಿಸಬೇಕಾಗಿಲ್ಲ. ಅಂದರೆ ಆ ವಾಕ್ಯದೊಳಗೆ ಮಲ್ಲಿಗೆ ಇರಲೇ ಇಲ್ಲ.

ನಾನು ಅವಳ ಭಾಷೆಯ ತಂಟೆಗೆ ಹೋಗಲಿಲ್ಲ. ಪ್ರಶ್ನೆ ಕೇಳಿದೆ. ಹೂ ಕೊಯ್ಯುವುದು ಯಾರು? ಎಷ್ಟು ಹೊತ್ತಿಗೆ? ಅರಳಿದ ಮೇಲೋ, ಮೊಗ್ಗಿರುವಾಗಲೋ? ಯಾವುದರಲ್ಲಿ ಕಟ್ಟುತ್ತಾರೆ? ಮಾರುವುದು ಎಣಿಸಿಯೋ, ತೂಕದಲ್ಲೋ? ಇವತ್ತಿನ ರೇಟ್ ಹೇಳುವುದು ಯಾರು? ಒಂದೆರಡಕ್ಕೆ ಉತ್ತರ ಬಂತು. ಉಳಿದದ್ದಕ್ಕೆ "ಅದು... ಕೇಳಬೇಕು" ಎಂದಳು. ಮುಂದಿನ ಶನಿವಾರ ಶಂಕರಪುರದ ಬಸ್ ಹತ್ತಿದಳು.

ಬರುವಾಗ ನೋಟ್‌ಬುಕ್ ತುಂಬಿತ್ತು. ಬೆಳಿಗ್ಗೆ ಮೊಗ್ಗು ಕೊಯ್ದು ಮನೆಯಲ್ಲೇ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು. 4 ಚೆಂಡಿಗೆ ಒಂದು ಅಟ್ಟೆ. ಕಟ್ಟಿದ ಹೂವನ್ನು ತಂದು ಕೊಡುವ ಜಾಗಕ್ಕೆ ಕಟ್ಟೆ ಎಂದೇ ಹೆಸರು. ರೇಟ್ ದಿನಾ ಬದಲಾಗುತ್ತದೆ, ಅದನ್ನು ಹೇಳುವುದು ಅಟ್ಟೆಯ ಲೆಕ್ಕದಲ್ಲಿ. ಮಳೆಗಾಲದಲ್ಲಿ ಹೂ ಕಡಿಮೆ. ಮದುವೆ, ಜಾತ್ರೆ ಸೀಸನ್‌ನಲ್ಲಿ ಬೇಡಿಕೆ ಜಾಸ್ತಿ. ಅಟ್ಟೆಗೆ 2,000 ರೂಪಾಯಿ ದಾಟಿದ ದಿನವೂ ಉಂಟು, ಕೆಲವೇ ನೂರಕ್ಕೆ ಇಳಿದ ದಿನವೂ ಉಂಟು.

ಎರಡನೇ ಸಲ ಅವಳು ಶುರು ಮಾಡಿದ್ದು ಹೀಗೆ: "ಒಂದು ಅಟ್ಟೆ ಮಲ್ಲಿಗೆ ಅಂದರೆ 3,200 ಹೂ. ಅಷ್ಟನ್ನೂ ಬೆಳಿಗ್ಗೆ ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಕಟ್ಟೆಗೆ ಮುಟ್ಟಿಸಬೇಕು. ಕೊಯ್ಯುವ ಹೊತ್ತಿಗೆ ಇವತ್ತಿನ ರೇಟ್ ಎಷ್ಟೆಂದು ಯಾರಿಗೂ ಗೊತ್ತಿರುವುದಿಲ್ಲ."

ಒಂದು ವಾರದೊಳಗೆ ಅವಳ ಕನ್ನಡ ಸುಧಾರಿಸಿತಾ? ಹೊಸದಾಗಿ ಒಂದು ಶಬ್ದವನ್ನೂ ಅವಳು ಪುಸ್ತಕದಿಂದ ಕಲಿತಿರಲಿಲ್ಲ. ಹೇಳಲು ವಿಷಯ ಸಿಕ್ಕಿತು, ವಾಕ್ಯ ತಾನಾಗಿ ಚಿಕ್ಕದಾಯಿತು. ಕಂಪು, ಬೆಳಕು, ಅತಿಶಯೋಕ್ತಿ ಎಲ್ಲವೂ ಹೇಳದೆ ಕೇಳದೆ ಜಾಗ ಖಾಲಿ ಮಾಡಿದವು.

ಈ ಸಂಗತಿಯನ್ನು ನಮ್ಮ ಕಡೆ ಬಹಳ ಹಿಂದೆಯೇ ಗಟ್ಟಿಯಾಗಿ ಹಿಡಿದುಕೊಂಡವರು ಪುತ್ತೂರಿನವರು. 1988ರಲ್ಲಿ ಶುರುವಾದ ಕೃಷಿ ಮಾಸಿಕ 'ಅಡಿಕೆ ಪತ್ರಿಕೆ' ಗೊತ್ತಿರಬೇಕಲ್ವಾ? ಶ್ರೀಪಡ್ರೆ ಮತ್ತು ಬಳಗದವರು 'ಕೃಷಿಕರ ಕೈಗೆ ಲೇಖನಿ' ಎಂದು ಶಿಬಿರಗಳನ್ನೇ ನಡೆಸಿದರು. ತೋಟಕ್ಕೆ ಕಾಲಿಡದವರು ಕೃಷಿ ಲೇಖನ ಬರೆಯುತ್ತಿದ್ದ ಕಾಲ ಅದು. ತೋಟದಲ್ಲೇ ಇರುವವರಿಗೆ ಬರೆಯಲು ಧೈರ್ಯ ಇರಲಿಲ್ಲ. ಬರೆಯಲು ಬರುವವರಿಗೆ ಅಡಿಕೆ ಕೃಷಿ ಕಲಿಸುವುದಕ್ಕಿಂತ ಅಡಿಕೆ ಬೆಳೆಯುವವರಿಗೆ ಬರವಣಿಗೆ ಕಲಿಸುವುದು ಸುಲಭ ಎಂಬ ಲೆಕ್ಕಾಚಾರ ಅದರ ಹಿಂದೆ ಇದ್ದಿರಬೇಕು ಎಂದು ನನ್ನ ಎಣಿಕೆ.

ಆ ಪತ್ರಿಕೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಪದ್ಧತಿ. ಲೇಖನದ ಜೊತೆಗೆ ಆ ಕೃಷಿಕರ ಸಂಪರ್ಕ ವಿವರ ಹಾಕುತ್ತಾರೆ. ಇದು ಓದುಗರಿಗೆ ಅನುಕೂಲ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ನನ್ನ ಪ್ರಕಾರ ಇದರಿಂದ ಹೆಚ್ಚು ಉಪಕಾರ ಆಗುವುದು ಬರೆಯುವವರಿಗೆ. ಸುಮ್ನೆ "ಬಂಪರ್ ಇಳುವರಿ" ಅಂತ ಬರೆದು ನೋಡಿ. ಮರುದಿನ ಬೆಳಿಗ್ಗೆಯಿಂದ ಆ ಮನೆಗೆ ಫೋನ್ ಶುರು. "ಎಷ್ಟು ಬಂತು? ಎಷ್ಟು ಗಿಡಕ್ಕೆ? ಗೊಬ್ಬರ ಯಾವುದು?" ಹೀಗೆ ಕೇಳುವವರು ಆಚೆ ಬದಿಯಲ್ಲಿ ಇದ್ದಾರೆ ಎಂದು ಗೊತ್ತಿದ್ದರೆ ಆ ಮೂರನ್ನೂ ನಾವೇ ಕೇಳಿ ಬರೆದಿರುತ್ತೇವೆ. ನಿಮ್ಮ ಲೇಖನ ಕೃಷಿಯದ್ದು ಆಗದಿದ್ದರೂ ಪರವಾಗಿಲ್ಲ. ಬರೆದು ಮುಗಿಸಿದ ಮೇಲೆ, ಇದನ್ನು ಓದಿದವರೊಬ್ಬರು ನಾಳೆ ನನಗೆ ಫೋನ್ ಮಾಡಿದರೆ ಏನು ಕೇಳಬಹುದು ಎಂದು ಯೋಚಿಸಿ. ಆ ಉತ್ತರ ಲೇಖನದಲ್ಲಿ ಇಲ್ಲದಿದ್ದರೆ ಲೇಖನ ಮುಗಿದಿಲ್ಲ.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ಅದನ್ನು ಪೂರ್ತಿ ಬಿಡುವ ಹಾಗಿಲ್ಲ, ಮುಖ್ಯವಾಗಿ ನಮ್ಮ ಕರಾವಳಿಯಲ್ಲಿ.

ಇಲ್ಲಿ ಎಷ್ಟೋ ಜನರ ಮನೆಮಾತು ಕನ್ನಡ ಅಲ್ಲ. ತುಳು, ಕೊಂಕಣಿ, ಬ್ಯಾರಿ, ಮಲಯಾಳ. ಕನ್ನಡ ಬಂದದ್ದು ಶಾಲೆಯ ಬೆಂಚಿನಿಂದ. ಹಾಗಾಗಿ ನಾವು ಮಾತಾಡುವ ಕನ್ನಡವೇ ಪುಸ್ತಕದ ಹಾಗಿದೆ ಎಂದು ಬೆಂಗಳೂರು, ಮೈಸೂರಿನವರು ತಮಾಷೆ ಮಾಡುತ್ತಾರೆ. ಮಾಡಲಿ. ಮನೆಯಲ್ಲಿ ಬೇರೆ ಭಾಷೆ ಇದ್ದರೆ ಕನ್ನಡದಲ್ಲಿ ಬರೆಯಲು ಆಗುವುದಿಲ್ಲ ಎಂದೇನೂ ಇಲ್ಲ. ಮಂಜೇಶ್ವರ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದ್ದು ತುಳು. ಸಾರಾ ಅಬೂಬಕ್ಕರ್ ಅವರದ್ದು ಮಲಯಾಳ. ಇನ್ನೂ ಹಿಂದೆ ಹೋದರೆ, ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಇದೇ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಜರ್ಮನಿಯಿಂದ ಬಂದವರು. ಬಾಸೆಲ್ ಮಿಷನ್ನಿನ ಪಾದ್ರಿ. ಅವರು ಇಲ್ಲಿಗೆ ಬಂದದ್ದೇ 1836ರಲ್ಲಿ. ಏಳು ವರ್ಷದಲ್ಲಿ ಕನ್ನಡ ಕಲಿತು ಪತ್ರಿಕೆ ಮಾಡಿದ್ದಾರೆ ಮಾರಾಯ್ರೆ. ನಾವು "ನನ್ನದು ಶಾಲೆ ಕನ್ನಡ" ಎಂದು ಸಂಕೋಚ ಪಡುವುದರಲ್ಲಿ ಅರ್ಥ ಇಲ್ಲ.

ತೊಂದರೆ ಇರುವುದು ಬೇರೆ ಕಡೆ. ಶಾಲೆಯಿಂದ ಭಾಷೆಯ ಜೊತೆಗೆ ರೆಡಿಮೇಡ್ ಮಾತುಗಳೂ ಬಂದಿವೆ. ಸಮುದ್ರ ತೀರ ಯಾವಾಗಲೂ ಪ್ರವಾಸಿಗರನ್ನು ಕೈಬೀಸಿ ಕರೆಯುತ್ತದೆ. ಜಲಪಾತ ಕಣ್ಮನ ಸೆಳೆಯುತ್ತದೆ. ಹಳೆಯ ಮನೆ ಗತವೈಭವ ಸಾರುತ್ತದೆ. ಬದುಕು ಎಂದ ಕೂಡಲೇ ಅದು ಇಂದಿನ ಧಾವಂತದ ಬದುಕು. ಕಲಾವಿದರು ಎಲೆಮರೆಯ ಕಾಯಿ, ಅವರ ಕೊಡುಗೆ ಅಪಾರ. ಇವನ್ನು ಬರೆಯುವಾಗ ಕೈ ನಿಲ್ಲುವುದೇ ಇಲ್ಲ, ಗಮನಿಸಿದ್ದೀರಾ? ಕೈ ನಿಲ್ಲದೆ ಓಡಿದ ಜಾಗಕ್ಕೆ ನಾನು ವಾಪಸ್ ಹೋಗಿ ನೋಡುತ್ತೇನೆ. ಹೆಚ್ಚಾಗಿ ಅಲ್ಲಿ ನಾನೇನೂ ಹೇಳಿರುವುದಿಲ್ಲ.

ಆದರೆ ನಮಗೊಂದು ಅನುಕೂಲವೂ ಇದೆ, ಅದನ್ನು ನಾವು ಬಳಸುವುದು ಕಡಿಮೆ. ಮಲ್ಲಿಗೆಯ ಹುಡುಗಿ ಹೇಳಿದ್ದನ್ನೇ ಹೇಳುತ್ತೇನೆ. ಅವಳು ಮೊದಲು ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಹೂ ಕಟ್ಟುತ್ತಿದ್ದವರೊಬ್ಬರ ಹತ್ತಿರ ಕನ್ನಡದಲ್ಲಿ ಕೇಳಿದಳಂತೆ: "ಮಲ್ಲಿಗೆ ಕೃಷಿಯಿಂದ ನಿಮಗೆ ಏನು ಪ್ರಯೋಜನ ಆಗಿದೆ?" ಅವರು ಕೈ ನಿಲ್ಲಿಸಿ, ಸೆರಗು ಸರಿ ಮಾಡಿಕೊಂಡು, "ತುಂಬಾ ಪ್ರಯೋಜನ ಆಗಿದೆ, ಮಕ್ಕಳ ವಿದ್ಯಾಭ್ಯಾಸ ಆಗಿದೆ" ಎಂದು ಟಿವಿಯಲ್ಲಿ ಹೇಳುವ ರೀತಿಯಲ್ಲೇ ಹೇಳಿ ಮುಗಿಸಿದರು. ಇವಳು ಫೋನ್ ಬ್ಯಾಗಿಗೆ ಹಾಕಿ ಪಕ್ಕದಲ್ಲಿ ಕೂತು ತುಳುವಿನಲ್ಲಿ, "ಅಕ್ಕ, ಇನಿ ರೇಟ್ ಏತ್?" (ಇವತ್ತು ರೇಟ್ ಎಷ್ಟು?) ಎಂದಳು. ಅಕ್ಕನ ಕೈ ಮತ್ತೆ ಓಡಲು ಶುರು. ಬಾಯಿಯೂ ಶುರು. ನಿನ್ನೆಯ ರೇಟ್, ಮೊನ್ನೆಯ ಮಳೆ, ಗಿಡಕ್ಕೆ ಬಂದ ಹುಳ, ಎಣಿಸುವುದರಲ್ಲಿ ಅತ್ತೆಯೇ ಜೋರು ಎಂಬ ದೂರು. ಕೊನೆಗೆ ಹೇಳಿದರಂತೆ: ಹೂ ಇದ್ದ ದಿವಸ ರೇಟ್ ಇಲ್ಲ, ರೇಟ್ ಇದ್ದ ದಿವಸ ಹೂ ಇಲ್ಲ.

ಆ ಮಾತನ್ನು ಹುಡುಗಿ ಹೇಗೆ ಬರೆದಿದ್ದಳು ಗೊತ್ತಾ? "ಬೆಲೆ ಏರಿಳಿತದಿಂದಾಗಿ ಬೆಳೆಗಾರರು ಸಂಕಷ್ಟ ಎದುರಿಸುತ್ತಿದ್ದಾರೆ ಎಂದು ಅವರು ಅಳಲು ತೋಡಿಕೊಂಡರು." ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆ ಹೆಂಗಸು ಅಳಲು ತೋಡಿಕೊಂಡಿರಲಿಲ್ಲ, ನಗುತ್ತಲೇ ಹೇಳಿದ್ದರು. ತುಳುವಿನಲ್ಲಿ ಕೇಳಿಸಿಕೊಂಡದ್ದನ್ನು ಕನ್ನಡಕ್ಕೆ ತರುವಾಗ ಎತ್ತರದ ಕನ್ನಡಕ್ಕೇ ಹೋಗಬೇಕಾಗಿಲ್ಲ. ಅವರೇ ಕನ್ನಡದಲ್ಲಿ ಹೇಳಿದ್ದರೆ ಹೇಗೆ ಹೇಳುತ್ತಿದ್ದರೋ ಹಾಗೆ ಬರೆದರೆ ಸಾಕು. ಜನ ಆಡಿದ ಮಾತು ಕಣ್ಣಮುಂದೆ ಇರುವಾಗ ಅದನ್ನು ಸರಕಾರಿ ಪ್ರಕಟಣೆ ಮಾಡುವುದು ಯಾಕೆ? ಇದರ ಮೇಲೆ ನನಗೆ ಸ್ವಲ್ಪ ಜಾಸ್ತಿಯೇ ಸಿಟ್ಟು, ಒಪ್ಪುತ್ತೇನೆ.

ಪೀಠಿಕೆಯ ಬಗ್ಗೆ ಹೇಳಬೇಕು. ನಮ್ಮಲ್ಲಿ ಬರೆಯುವವರಿಗೆ ಯಕ್ಷಗಾನ ತಾಳಮದ್ದಳೆಯ ಗಾಳಿ ತಾಗಿರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಅದನ್ನು ಮಾತಿನಲ್ಲಿ ಬೆಳೆಸುತ್ತಾರೆ. ದೊಡ್ಡ ಪಾತ್ರಕ್ಕೆ ಉದ್ದದ ಪೀಠಿಕೆ ಇರುತ್ತದೆ, ಕೇಳುವವರೂ ಅದಕ್ಕೆಂದೇ ಬಂದಿರುತ್ತಾರೆ. ರಾತ್ರಿಯಿಡೀ ಸಮಯ ಇದೆ. ಲೇಖನ ಓದುವವರಿಗೆ ಅಷ್ಟು ಸಮಯ ಇಲ್ಲ. ಆದರೂ ನಮ್ಮವರು ಮಂಗಳೂರಿನ ಹೆಂಚಿನ ಬಗ್ಗೆ ಬರೆಯಲು ಕೂತರೆ, ಆದಿಮಾನವ ಗುಹೆಯಲ್ಲಿ ವಾಸಿಸುತ್ತಿದ್ದ ಎಂಬಲ್ಲಿಂದ ಹೊರಡುತ್ತಾರೆ. ಮೂರನೇ ಪ್ಯಾರಾದಲ್ಲಿ ಮನೆಯ ಮಾಡು ಬರುತ್ತದೆ, ನಾಲ್ಕರಲ್ಲಿ ಹೆಂಚು. ಜಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದರು ಎಂಬ ಮುಖ್ಯ ಮಾತು ಐದನೆಯ ಪ್ಯಾರಾದಲ್ಲಿ. ಅಷ್ಟು ಹೊತ್ತಿಗೆ ಓದುಗ ಪುಟ ಮಗುಚಿ ಆಗಿರುತ್ತದೆ. ಡೆಸ್ಕಿನಲ್ಲಿದ್ದಾಗ ನಾವು ಕಣ್ಣು ಮುಚ್ಚಿ ಮೊದಲ ಎರಡು ಪ್ಯಾರಾ ಹೊಡೆದು ಹಾಕಿ ನೋಡುತ್ತಿದ್ದೆವು. ಹೆಚ್ಚಿನ ಲೇಖನಗಳಿಗೆ ಏನೂ ಆಗುತ್ತಿರಲಿಲ್ಲ.

ಹಾಗೆಂದು ಪೀಠಿಕೆ ಬರೆಯಲೇ ಬೇಡಿ ಎನ್ನುವುದಿಲ್ಲ. ಬರೆಯಿರಿ. ಕೆಲವರಿಗೆ ಕೈ ಬಿಸಿಯಾಗುವುದೇ ಅದರಿಂದ. ಕಳಿಸುವ ಮೊದಲು ತೆಗೆದರೆ ಆಯಿತು.

ಅಂಕಿ ಸಂಖ್ಯೆಯ ವಿಷಯದಲ್ಲಿ ನಮ್ಮವರಿಗೆ ಒಂದು ಹೆದರಿಕೆ ಇದೆ. ಸಂಖ್ಯೆ ಹಾಕಿದರೆ ಲೇಖನ ಒಣಗುತ್ತದೆ ಎಂದು. ನನ್ನ ಅನುಭವ ಉಲ್ಟಾ. ಉಡುಪಿ ಕೃಷ್ಣಮಠದ ಪೂಜೆಯ ಅಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಬಗ್ಗೆ ಪ್ರತಿ ಸಲವೂ ರಾಶಿ ಲೇಖನ ಬರುತ್ತದೆ. ಭಕ್ತಿ, ಸಂಭ್ರಮ, ವೈಭವ ಎಲ್ಲವೂ ಇರುತ್ತದೆ. ಲೆಕ್ಕ ಮಾತ್ರ ಇರುವುದಿಲ್ಲ. ಲೆಕ್ಕ ನೋಡಿ: ಅಷ್ಟಮಠ ಅಂದರೆ 8, ಒಂದೊಂದು ಮಠಕ್ಕೆ 2 ವರ್ಷ, ಜನವರಿ 18ಕ್ಕೆ ಅಧಿಕಾರ ಬದಲು. ಹಾಗಾಗಿ ಒಂದು ಮಠಕ್ಕೆ ಸರದಿ ಬರುವುದು 16 ವರ್ಷಕ್ಕೊಮ್ಮೆ. ಇಲ್ಲಿಗೆ ಬಂದ ಕೂಡಲೇ ಲೇಖನಕ್ಕೆ ಜನ ಬರುತ್ತಾರೆ. ಒಂದು ಮಠದ ಪರ್ಯಾಯಕ್ಕೆ 20ನೇ ವಯಸ್ಸಿನಲ್ಲಿ ಕಟ್ಟಿಗೆ ಒಟ್ಟಿದವನಿಗೆ ಅದೇ ಮಠದ ಮುಂದಿನ ಸರದಿಗೆ 36. ಅದರ ಮುಂದಿನದಕ್ಕೆ 52. ಆಗ ಅವನ ಮಗ ಕಟ್ಟಿಗೆ ಎತ್ತುತ್ತಿರಬಹುದು, ಅಥವಾ ದುಬೈಯಲ್ಲಿ ಇರಬಹುದು. ಅಂಥ ಒಬ್ಬರನ್ನು ರಥಬೀದಿಯಲ್ಲಿ ಹುಡುಕಿ ಮಾತಾಡಿಸಿದರೆ, ವೈಭವ ಎಂಬ ಶಬ್ದವೇ ಇಲ್ಲದೆ ಲೇಖನ ಆಗುತ್ತದೆ. ದಾರಿ ತೋರಿಸಿದ್ದು 16 ಎಂಬ ಸಂಖ್ಯೆ.

ಮೀನುಗಾರಿಕೆಯ ಲೇಖನಗಳೂ ಹಾಗೆಯೇ. "ಮಳೆಗಾಲದಲ್ಲಿ ಮೀನುಗಾರಿಕೆಗೆ ರಜೆ" ಎಂದು ಬರೆದು ಮುಂದೆ ಹೋಗುತ್ತಾರೆ. ಜೂನ್ 1ರಿಂದ ಜುಲೈ 31, 61 ದಿನ, ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಎಂದು ಸರಿಯಾಗಿ ಬರೆಯಿರಿ. ಕೂಡಲೇ ಮುಂದಿನ ಪ್ರಶ್ನೆ ಹುಟ್ಟುತ್ತದೆ. ಆ 61 ದಿನ ಮಲ್ಪೆಯಲ್ಲಿ ಮೀನು ಹೊರುವವರು ಏನು ಮಾಡುತ್ತಾರೆ? ಐಸ್ ಪ್ಲಾಂಟ್‌ನಲ್ಲಿ ಕೆಲಸಕ್ಕಿದ್ದವರು? ಬಲೆ ಹೆಣೆಯುವವರಿಗೆ ಅದು ರಜೆಯೋ, ಸೀಸನ್ನೋ?

ಬರೆದ ಮೇಲೆ ಮಾಡಬೇಕಾದ ಕೆಲಸದಲ್ಲಿ ನಾನು ನಂಬಿದ್ದು ಒಂದನ್ನೇ. ಗಟ್ಟಿಯಾಗಿ ಓದುವುದು. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟು. ಉಸಿರು ಸಿಕ್ಕಿಬಿದ್ದಲ್ಲಿ ವಾಕ್ಯ ಕಡಿಯಿರಿ. "ಆಗಿದ್ದು", "ಹೊಂದಿದ್ದು", "ಪಡೆದಿದ್ದು" ಎಂದು ಅಲ್ಪವಿರಾಮ ಹಾಕಿ ಹಾಕಿ ನಾಲ್ಕು ವಾಕ್ಯವನ್ನು ಒಂದಕ್ಕೇ ಕಟ್ಟಿದ್ದರೆ ಬಾಯಿ ಕೂಡಲೇ ಹೇಳಿಬಿಡುತ್ತದೆ. ಮನೆಯವರ ಎದುರು ಓದಿದರೆ ಇನ್ನೂ ಒಳ್ಳೆಯದು. ಅವರು ಅಭಿಪ್ರಾಯ ಹೇಳಬೇಕಾಗಿಲ್ಲ, ಎಲ್ಲಿ ಫೋನ್ ಕೈಗೆತ್ತಿಕೊಂಡರು ಎಂದು ನೋಡಿಕೊಳ್ಳಿ.

ಟೈಪಿಂಗ್ ಬಗ್ಗೆ ಕೇಳುವವರೂ ಇದ್ದಾರೆ. ಕಂಪ್ಯೂಟರ್‌ನಲ್ಲಿ ನೇರ ಬರೆಯುವುದೋ, ಕಾಗದದಲ್ಲೋ, ಈಗಿನವರ ಹಾಗೆ ಫೋನಿಗೆ ಬಾಯಲ್ಲಿ ಹೇಳುವುದೋ? ಯಾವುದಾದರೂ ಆದೀತು. ನಾನು ಕೀಬೋರ್ಡಿನವನು, ಅದೂ ಕೆ.ಪಿ. ರಾವ್ ವಿನ್ಯಾಸದ್ದು. ನಮ್ಮ ಕಿನ್ನಿಕಂಬಳದವರು ಮಾಡಿದ ವಿನ್ಯಾಸ ಎಂಬ ಅಭಿಮಾನವೂ ಅದರಲ್ಲಿ ಸ್ವಲ್ಪ ಸೇರಿದೆ. ಬಾಯಲ್ಲಿ ಹೇಳಿ ಬರೆಸಿದರೆ ಭಾಷೆ ಸರಳವಾಗಿ ಬರುತ್ತದೆ, ನಿಜ. ಆದರೆ ಒಂದೇ ವಿಷಯ ಮೂರು ಸಲ ಬಂದಿರುತ್ತದೆ. ಕಡಿಯಲು ಸಮಯ ಇಟ್ಟುಕೊಳ್ಳಿ.

ಫೋನೇ ಪೂರ್ತಿ ಲೇಖನ ಬರೆದು ಕೊಡುತ್ತದಲ್ಲ, ಮತ್ತೆ ಕಲಿಯುವುದು ಯಾಕೆ ಎಂದು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಅವನ ಫೋನಿನಲ್ಲೇ ಶಂಕರಪುರ ಮಲ್ಲಿಗೆ ಎಂದು ಬರೆಸಿ ನೋಡಿದೆವು. ಕಂಪು ಬಂತು, ಬಾಳಿಗೆ ಬೆಳಕು ಬಂತು. ಅತ್ತೆಯ ಎಣಿಕೆ ಬರಲಿಲ್ಲ.

ಇನ್ನು ಕೊನೆ. ನಮ್ಮ ಲೇಖನಗಳ ಕೊನೆಯ ಪ್ಯಾರಾ ನೋಡದೆಯೂ ಹೇಳಬಹುದು. ಸಮಸ್ಯೆಯ ಲೇಖನ ಆದರೆ "ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ". ವ್ಯಕ್ತಿ ಪರಿಚಯ ಆದರೆ "ಇವರಿಂದ ಇನ್ನಷ್ಟು ಸೇವೆ ಸಲ್ಲಲಿ". ಪ್ರವಾಸ ಆದರೆ "ನೀವೂ ಒಮ್ಮೆ ಭೇಟಿ ಕೊಡಿ". ಸಂಬಂಧಪಟ್ಟವರು ಯಾರು ಎಂದು ಕಂಡುಹಿಡಿದು ಅವರನ್ನು ಒಂದು ಮಾತು ಕೇಳಿದ್ದರೆ ಲೇಖನಕ್ಕೆ ಒಳ್ಳೆಯ ಪ್ಯಾರಾ ಒಂದು ಸಿಗುತ್ತಿತ್ತು. ಅವರ ಹತ್ತಿರ ಹೋಗಲು ಮನಸ್ಸಿಲ್ಲದೆ ನಾವು ಅವರಿಗೆ ಗಮನ ಹರಿಸಲು ಹೇಳುತ್ತೇವೆ.

ಪತ್ರಿಕೆಗೆ ಕಳಿಸುವವರಿಗೆ ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ, ಇದಕ್ಕೆ ದುಡ್ಡು ಖರ್ಚಿಲ್ಲ. ಲೇಖನ ಅಚ್ಚಾದ ದಿನ ಅದರ ಫೋಟೊ ತೆಗೆದು ಎಲ್ಲರಿಗೂ ಕಳಿಸಿ ಆದ ಮೇಲೆ, ನೀವು ಕಳಿಸಿದ ಪ್ರತಿಯನ್ನು ಪಕ್ಕಕ್ಕೆ ಇಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿ. ಏನು ತೆಗೆದಿದ್ದಾರೆ, ಯಾವುದನ್ನು ಮೇಲಕ್ಕೆ ತಂದಿದ್ದಾರೆ, ಯಾವ ವಾಕ್ಯ ಮುಟ್ಟದೆ ಬಿಟ್ಟಿದ್ದಾರೆ. ಡೆಸ್ಕಿನಲ್ಲಿ ಇರುವವರು ಕಾರಣ ಹೇಳುವುದಿಲ್ಲ, ಅವರಿಗೆ ಪುರುಸೊತ್ತಿಲ್ಲ. ಕಾರಣ ನೀವೇ ಹುಡುಕಬೇಕು. ಕೆಲವು ಸಲ ಕಾರಣ ಇರುವುದೂ ಇಲ್ಲ. ಜಾಹೀರಾತು ಬಂದಿರುತ್ತದೆ, ಕೆಳಗಿನಿಂದ ಹತ್ತು ಸಾಲು ಹಾರಿಸಿರುತ್ತಾರೆ. ಆ ಹತ್ತು ಸಾಲು ಇಲ್ಲದೆಯೂ ಲೇಖನ ನಿಂತಿದೆಯಾ ಎಂದು ನೋಡಿ.